ಉಕ್ತಲೇಖನ

ಕಲ್ಯಾಣದ ಬಸ್ಸು ಬರುವುದು ಹತ್ತೂವರೆಗೆ. ಮಹಾರುದ್ರಪ್ಪ ಒಂಬತ್ತಕ್ಕೇ ಹುಮನಾಬಾದಿನ ಬಸ್ ಸ್ಟ್ಯಾಂಡಿಗೆ ಬಂದು ಬೇವಿನ ಮರದ ಕೆಳಗೆ ನಿಂತಿದ್ದ. ಕಚೇರಿಗೆ ಅರ್ಧ ದಿನದ ರಜೆ ಬರೆದು ಕೊಟ್ಟಿದ್ದ. ಕಾರಣ ಎಂಬಲ್ಲಿ 'ಸ್ವಂತ ಕೆಲಸ' ಎಂದು ಬರೆದವನಿಗೆ ಆ ಎರಡು ಶಬ್ದಗಳು ಯಾರೋ ತನ್ನ ಮೇಲೆ ಕೊಟ್ಟ ದೂರಿನ ಹಾಗೆ ಕಂಡಿದ್ದವು. ಮುಂಜಾನೆ ರೊಟ್ಟಿ ಬಡಿಯುತ್ತ ಕೂತಿದ್ದ ಹೆಂಡತಿ ಲಲಿತಾಬಾಯಿ ಕೇಳಿದ್ದಳು: "ಪೇಶಕಾರ ಸಾಹೇಬ್ರು ಪೆನ್ಶನ್ ತಗೊಳ್ಳಾಕ ಬಂದ್ರ ನೀವ್ಯಾಕ ಹೋಗ್ಬೇಕು? ಖಜಾನಿ ದಾರಿ ಅವ್ರಿಗೆ ಗೊತ್ತಿಲ್ಲೇನು? ಮೂವತ್ತು ವರ್ಷ ಇದೇ ಊರಾಗ ನೌಕರಿ ಮಾಡ್ಯಾರ." ಅವಳ ಮಾತು ಸರಿಯಾಗಿತ್ತು. ಅವನು ಅರ್ಧ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಿದ್ದ. ಕಿಸೆಯಲ್ಲಿ ಮೂರು ದಿನದ ಹಿಂದೆ ಬಂದ ಕಾರ್ಡು ಇತ್ತು. ಪೇಶಕಾರ ಜಲಾಲುದ್ದೀನ್ ಸಾಹೇಬರ ಮಗಳು ಆಮಿನಾ ದುಂಡಗಿನ ಕನ್ನಡ ಅಕ್ಷರಗಳಲ್ಲಿ ಬರೆದಿದ್ದಳು: ಅಬ್ಬಾ ಗುರುವಾರ ಬರುತ್ತಾರೆ, ಮೊದಲ ಪೆನ್ಶನ್ ಅಲ್ಲವೇ, ನೀವು ಜೊತೆಗಿದ್ದರೆ ಅವರಿಗೆ ಧೈರ್ಯ. ಆ ಹುಡುಗಿಗೆ ಗೊತ್ತಿರಲಿಲ್ಲ. ಅವಳಪ್ಪನಿಗೂ ಗೊತ್ತಿರಲಿಲ್ಲ. ಇನ್ನು ಎರಡು ತಾಸಿನಲ್ಲಿ ಖಜಾನೆಯ ಕಿಟಕಿಯ ಮುಂದೆ ಏನಾಗಲಿದೆ ಎಂಬುದು ಇಡೀ ಜಗತ್ತಿನಲ್ಲಿ ಮಹಾರುದ್ರಪ್ಪನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದೂ ಅವನು ಕಲ್ಯಾಣಕ್ಕೆ ಹೋಗಿ ಹೇಳಿರಲಿಲ್ಲ, ಕಾಗದ ಬರೆದಿರಲಿಲ್ಲ. ಈಗ ಮರದ ಕೆಳಗೆ ನಿಂತು ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಳ್ಳುತ್ತಿದ್ದ.

ಹದಿನಾರು ವರ್ಷದ ಹಿಂದೆ ಅವನು ಕಚೇರಿಗೆ ಸೇರಿದಾಗ ಜಲಾಲುದ್ದೀನ್ ಸಾಹೇಬರು ಅಲ್ಲಿ ಪೇಶಕಾರರು, ಅಂದರೆ ಗುಮಾಸ್ತರಿಗೆಲ್ಲ ಹಿರಿಯರು. ಆಗ ನಿಜಾಮರ ಆಳ್ವಿಕೆ, ಕಚೇರಿಯ ಪ್ರತಿ ಕಾಗದವೂ ಉರ್ದು. ಶಾಲೆಯಲ್ಲಿ ಕಲಿತ ಉರ್ದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಮಿಸಲುಗಳಲ್ಲಿ, ಅಂದರೆ ಕಚೇರಿಯ ಕಡತಗಳಲ್ಲಿ, ಇರುತ್ತಿದ್ದ ಓಡುಬರಹ ಇರುವೆ ಸಾಲು ಚದುರಿದ ಹಾಗೆ ಕಾಣುತ್ತಿತ್ತು. ಮೊದಲ ವಾರ ಅವನು ಒಂದು ಜಮೀನಿನ ಅರ್ಜಿಯನ್ನು ತಪ್ಪಾಗಿ ಓದಿ ಎಲ್ಲರೂ ನಕ್ಕಾಗ, ಸಾಹೇಬರು ನಗಲಿಲ್ಲ. "ಬಾ ಬೇಟಾ, ಇಲ್ಲಿ ಕೂಡು," ಎಂದು ತಮ್ಮ ಮಗ್ಗುಲಿಗೆ ಕೂರಿಸಿಕೊಂಡರು. ಅವನ ಮುಂಗೈ ಹಿಡಿದು ಲೆಕ್ಕಣಿಕೆ ನಡೆಸಿದರು. ಅವರ ಅಂಗೈ ಯಾವಾಗಲೂ ತಣ್ಣಗಿರುತ್ತಿತ್ತು. ಎಲ್ಲಿ ಒತ್ತಬೇಕು, ಎಲ್ಲಿ ಕೈ ಎತ್ತದೆಯೇ ಮುಂದಿನ ಅಕ್ಷರಕ್ಕೆ ಜಾರಬೇಕು ಎಂದು ಮೂರು ವರ್ಷ ಕಲಿಸಿದರು. ಕೊನೆಗೆ ಅವನು ಬರೆದ ಮಿಸಲಿಗಾಗಿ ದೊಡ್ಡ ಸಾಹೇಬರು ಜಲಾಲುದ್ದೀನರನ್ನು ಬೈಯುವಷ್ಟು ಇಬ್ಬರ ಕೈ ಒಂದಾಯಿತು. ಬೈಸಿಕೊಂಡು ಬಂದವರು ಅವನ ಬೆನ್ನು ತಟ್ಟಿ, "ಈಗ ನೀ ಪಾಸಾದಿ," ಎಂದಿದ್ದರು. ನಿಜಾಮರ ಆಳ್ವಿಕೆಯನ್ನು ಮುಗಿಸಿದ ಪೊಲೀಸ್ ಆಕ್ಷನ್ ಆದ ವರ್ಷ ಕಲ್ಯಾಣದ ಅವರ ಓಣಿಯಲ್ಲಿ ಏನು ನಡೆಯಿತೆಂಬುದನ್ನು ಅವರು ಬಾಯಿ ಬಿಟ್ಟು ಹೇಳಲಿಲ್ಲ. ಹದಿನೈದು ದಿನ ಕಚೇರಿಗೆ ಬಂದಿರಲಿಲ್ಲ. ಬಂದಾಗ ಗಡ್ಡ ಬೆಳ್ಳಗಾಗಿತ್ತು. ಮಹಾರುದ್ರಪ್ಪ ಕೇಳಲಿಲ್ಲ. ಕೇಳದಿರುವುದೇ ಮರ್ಯಾದೆ ಎಂದು ಆಗ ಅಂದುಕೊಂಡಿದ್ದ. ಈಗ ಅನ್ನಿಸುತ್ತದೆ, ಕೇಳದೆ ಉಳಿಯುವ ಅಭ್ಯಾಸ ಅವನಿಗೆ ಅಲ್ಲಿಂದಲೇ ಹಿಡಿದಿರಬೇಕು.

ಆ ಸೀಮೆ ಹೊಸ ಮೈಸೂರು ರಾಜ್ಯಕ್ಕೆ ಸೇರಿದ ದಿನ, ಐವತ್ತಾರರ ನವೆಂಬರ್ ಒಂದರಂದು, ಕಚೇರಿಗೆಲ್ಲ ಪೇಡೆ ಹಂಚಿದವರು ಜಲಾಲುದ್ದೀನ್ ಸಾಹೇಬರೇ. "ಕನ್ನಡದ ಮಂದಿ ಒಂದ ಮನ್ಯಾಗ ಕೂಡಿದ್ರು, ನಾನೂ ಇದೇ ಮಣ್ಣಿನವ," ಎಂದಿದ್ದರು. ಕಲ್ಯಾಣಕ್ಕೆ ಬಸವಕಲ್ಯಾಣ ಎಂದು ಹೆಸರಾದ ಮರುದಿನದಿಂದಲೇ ಲಕೋಟೆಗಳ ಮೇಲೆ ಆ ಹೆಸರನ್ನು ಉರ್ದುವಿನಲ್ಲಿ ಒಂದು ಚುಕ್ಕೆಯೂ ತಪ್ಪದಂತೆ ಬರೆಯತೊಡಗಿದರು. ಆಮೇಲೆ ಸುತ್ತೋಲೆಗಳು ಬರತೊಡಗಿದವು. ಮಿಸಲು ಕಟ್ಟುವ ರೀತಿ ಬದಲಾಗಬೇಕು. ಫಸಲಿ ವರ್ಷ ಹೋಗಿ ಇಂಗ್ಲಿಷ್ ವರ್ಷ ಬರಬೇಕು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದ್ ಮೂರೂ ಕಡೆಯ ನೌಕರರದು ಒಂದೇ ಹಿರಿತನದ ಪಟ್ಟಿಯಾಗಬೇಕು. ಆ ಪಟ್ಟಿಯಲ್ಲಿ ಸಾಹೇಬರು ಇಪ್ಪತ್ತೆರಡು ವರ್ಷ ಕಿರಿಯನಾದ ಯಾರೋ ಒಬ್ಬನ ಕೆಳಗೆ ಇಳಿದಿದ್ದರು. ಅವರು ಪಟ್ಟಿಯನ್ನು ಎರಡು ಸಲ ಓದಿಸಿಕೊಂಡು, "ಎರಡು ಕಡೆಯವ್ರು ಕೂಡೋದು ಅಂದ್ರ ಅರ್ಧ ದಾರಿ ಅವ್ರು, ಅರ್ಧ ದಾರಿ ನಾವು ನಡೆಯೋದು ಅಂದ್ಕೊಂಡಿದ್ದೆ. ಅವ್ರು ಕುಂತಲ್ಲೇ ಕುಂತಾರಲ್ಲೋ ರುದ್ರಪ್ಪ," ಎಂದು ನಕ್ಕಿದ್ದರು. ಕೊನೆಗೆ ಬಂದದ್ದು ಭಾಷೆಯ ಆದೇಶ. ಉರ್ದು ಮಾತ್ರ ಬಲ್ಲ ನೌಕರರು ಕನ್ನಡದ ಪರೀಕ್ಷೆ ಪಾಸು ಮಾಡಬೇಕು, ಎರಡು ಅವಕಾಶ, ಆಗದಿದ್ದರೆ ಮನೆಗೆ.

ಕಚೇರಿಯ ಹನ್ನೆರಡು ಮಂದಿಗೆ ಕಲಿಸುವ ಹೊಣೆ ಮಹಾರುದ್ರಪ್ಪನ ಮೇಲೆ ಬಿತ್ತು. ಅವನ ಕನ್ನಡವೇನು ಮಹಾ? ತಾಯಿ ಕಸ್ತೂರಿಬಾಯಿ ಬೂದಿಯ ಮೇಲೆ ಬೆರಳಿಂದ ತಿದ್ದಿಸಿದ ಅಕ್ಷರ, ಮಠದಲ್ಲಿ ಬಾಯಿಪಾಠ ಮಾಡಿದ ವಚನ. ಆ ಬಂಡವಾಳದಲ್ಲಿ ಅವನು ಹಿಂದಿನ ವರ್ಷವಷ್ಟೇ ಅದೇ ಪರೀಕ್ಷೆಯನ್ನು ತಾನಾಗಿಯೇ ಕೂತು ದಾಟಿದ್ದ. ಸಂಜೆ ಐದಕ್ಕೆ ಶಾಲೆಯ ಕೋಣೆಯಲ್ಲಿ ಮಕ್ಕಳ ಗಿಡ್ಡ ಬೆಂಚುಗಳಲ್ಲಿ ಮೊಣಕಾಲು ಎದೆಗೆ ತಾಗುವಂತೆ ಹಿರಿಯರು ಕೂರುತ್ತಿದ್ದರು. ಮೊದಲ ಬೆಂಚು ಜಲಾಲುದ್ದೀನ್ ಸಾಹೇಬರದು. ಮೊದಲ ದಿನವೇ ಅವರು ಎದ್ದು ನಿಂತು, "ನಮಸ್ಕಾರ್ರಿ ಮಾಸ್ತರ್ರೇ," ಎಂದರು. ಎಲ್ಲರೂ ನಕ್ಕರು, ಅವನೂ ನಕ್ಕ. ಆದರೆ ಅವರು ಮರುದಿನ ಕಚೇರಿಯಲ್ಲೂ ಹಾಗೆಯೇ ಕರೆದರು. ಬೇಟಾ ಎಂಬ ಮಾತು ಆ ದಿನದಿಂದ ನಿಂತುಹೋಯಿತು, ಜೊತೆಗೆ ನೀನು ಎಂಬುದೂ. ಅವರು ಗೌರವವನ್ನೇ ಕೊಟ್ಟಿದ್ದರು. ಅವನಿಗೆ ಮನೆಯಿಂದ ಹೊರಗೆ ಹಾಕಿದ ಹಾಗಾಗಿತ್ತು. ಪೇಟೆಯಲ್ಲಿ ನೀರಿನಂತೆ ಕನ್ನಡ ಆಡುವ ಮನುಷ್ಯ ಬರೆಯಲು ಕೂತರೆ ಬೆವರುತ್ತಿದ್ದರು. ಬಲದಿಂದ ಎಡಕ್ಕೆ ಐವತ್ತು ವರ್ಷ ಓಡಿದ ಕೈ ಎಡದಿಂದ ಬಲಕ್ಕೆ ಹೊರಳಲು ಒಲ್ಲೆ ಅನ್ನುತ್ತಿತ್ತು. "ಮಾಡಾಕತ್ತೇನಿ ಅಂತ ಬರದ್ರ ತಪ್ಪೇನ್ರಿ ಮಾಸ್ತರ್ರೇ? ನಮ್ಮೂರಾಗ ಎಲ್ಲಾರೂ ಹಂಗೇ ಅಂತಾರಲ್ರಿ." ತಪ್ಪು ಎಂದು ಹೇಳಬೇಕಾಗುತ್ತಿತ್ತು. 'ಮಾಡುತ್ತಿದ್ದೇನೆ' ಎಂದು ಹಲಗೆಯ ಮೇಲೆ ಬರೆಯುವಾಗ ಮಹಾರುದ್ರಪ್ಪನಿಗೆ ತನ್ನ ತಾಯಿಯ ಬಾಯಿಯನ್ನೇ ತಿದ್ದುತ್ತಿದ್ದೇನೆ ಅನ್ನಿಸುತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಸಾಹೇಬರು ನಪಾಸಾದರು. ಎರಡನೆಯದಕ್ಕೆ ಆರು ತಿಂಗಳು ಒಂದು ದಿನವೂ ತಪ್ಪಿಸದೆ ಕೂತು ಕಲಿತರು. ಅವನು ನಿಧಾನವಾಗಿ, ಊರಿನ ಧಾಟಿಯಲ್ಲಿ, ಪ್ರತಿ ಶಬ್ದವನ್ನೂ ಎರಡು ಸಲ ಹೇಳಿ ಬರೆಸುತ್ತಿದ್ದ. ಕೊನೆಯ ವಾರ ಅವರ ಪುಟದಲ್ಲಿ ನಾಲ್ಕೇ ತಪ್ಪುಗಳಿದ್ದವು.

ಬಸ್ ಸ್ಟ್ಯಾಂಡಿನಲ್ಲಿ ಒಂದು ಲಾರಿ ಬಂದು ನಿಂತು ಧೂಳೆಬ್ಬಿಸಿತು. ಮಹಾರುದ್ರಪ್ಪ ಧೋತರದ ಅಂಚಿನಿಂದ ಮುಖ ಒರೆಸಿಕೊಂಡ. ಎರಡನೆಯ ಪರೀಕ್ಷೆಯ ದಿನ ಆ ಕೋಣೆಯಲ್ಲಿಯೂ ಇಂಥದೇ ಬಿಸಿಲು ಕಿಟಕಿಯಿಂದ ಬಿದ್ದಿತ್ತು. ಮೈಸೂರಿನ ಕಡೆಯಿಂದ ಒಬ್ಬ ಅಧಿಕಾರಿ ಪರೀಕ್ಷೆ ನೋಡಲು ಬಂದಿದ್ದರು. ಚಹಾ ಕುಡಿಯುವಾಗ ಮಹಾರುದ್ರಪ್ಪ, "ಸಾಹೇಬ್ರ, ಎಲ್ಲಾರೂ ಬರಾಕತ್ತಾರ್ರಿ," ಎಂದದ್ದಕ್ಕೆ ಅವರು ಬಸಿಯನ್ನು ಕೆಳಗಿಟ್ಟು ನಕ್ಕರು. "ಏನ್ರೀ ಇದು, ನಿಮ್ಮದು ಯಾವ ಭಾಷೆ? ನೀವೇ ಇವರಿಗೆ ಕನ್ನಡ ಕಲಿಸ್ತಿರೋದಾ?" ಕೆಟ್ಟ ಮನುಷ್ಯರಲ್ಲ ಅವರು. ನಕ್ಕು ಮರೆತುಬಿಟ್ಟರು. ಅವನ ಕಿವಿ ಮಾತ್ರ ಸುಡುತ್ತಲೇ ಉಳಿಯಿತು. ಉಕ್ತಲೇಖನದ ಹಾಳೆ ಕೈಗೆ ಬಂತು. ಆಡಳಿತದ ಏಕರೂಪತೆಯ ಬಗ್ಗೆ ಅರ್ಧ ಪುಟ. ಅಧಿಕಾರಿ ಪಕ್ಕದ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಮಹಾರುದ್ರಪ್ಪ ಓದತೊಡಗಿದ. ಬಾಯಿಂದ ಹೊರಟ ದನಿ ಅವನದಾಗಿರಲಿಲ್ಲ. ರೇಡಿಯೋದಲ್ಲಿ ಕೇಳಿದ ದನಿ, ಆ ಅಧಿಕಾರಿಯ ದನಿ. ಮಹಾಪ್ರಾಣಗಳನ್ನೆಲ್ಲ ಒತ್ತಿ, ಶಬ್ದಕ್ಕೆ ಶಬ್ದ ಬೆಸೆದು, ತಡೆಯಿಲ್ಲದೆ ಹರಿಯುವ ದನಿ. ಎರಡನೆಯ ವಾಕ್ಯಕ್ಕೆ ಮೊದಲ ಬೆಂಚಿನಿಂದ ಒಂದು ಕೈ ಮೇಲೆದ್ದಿತು. "ಮಾಸ್ತರ್ರೇ, ಸ್ವಲ್ಪ ಸಾವಕಾಶ..." ಅವನು ತಲೆ ಎತ್ತಲಿಲ್ಲ. ಕೈ ಇನ್ನೂ ಮೇಲೇ ಇದೆ ಎಂಬುದು ಹಾಳೆಯ ಅಂಚಿನಾಚೆ ಮಸಕಾಗಿ ಕಾಣುತ್ತಿತ್ತು. ಅಧಿಕಾರಿ ಕಣ್ಣು ತೆರೆದು ಮೆಚ್ಚುಗೆಯಿಂದ ತಲೆದೂಗಿದರು. ಅವನು ಇನ್ನಷ್ಟು ಬಿಗಿಯಾಗಿ ಓದಿದ. ಆ ಕೈ ಯಾವಾಗ ಕೆಳಗಿಳಿಯಿತೋ ಅವನಿಗೆ ತಿಳಿಯದು.

ಮೂರು ಅಂಕಗಳಿಂದ ಸಾಹೇಬರು ನಪಾಸಾದರು. ಕಾಗದದ ಅರ್ಧ ಭಾಗ ಖಾಲಿ ಇತ್ತಂತೆ. ಓದಿದ್ದು ವೇಗವಾಯಿತೆಂದು ಸಾಹೇಬರು ಅರ್ಜಿ ಹಾಕಿದರು; ಅದರಲ್ಲಿ ಓದಿದವನ ಮೇಲೆ ಒಂದು ಕಟು ಮಾತೂ ಇರಲಿಲ್ಲ. ಮೇಲಧಿಕಾರಿಗಳು ವಿಚಾರಣೆಗೆ ಮಹಾರುದ್ರಪ್ಪನನ್ನು ಕರೆದು ಕೇಳಿದರು: "ಓದಿದ್ದು ಸಾಮಾನ್ಯ ವೇಗದಲ್ಲೇ ತಾನೇ?" ಅವನ ಮನಸ್ಸಿನ ಒಳಗೆ ಇಬ್ಬರು ನಿಂತಿದ್ದರು. ಒಬ್ಬ ಇಲ್ಲ ಅನ್ನುತ್ತಿದ್ದ. ಇನ್ನೊಬ್ಬ, ಇಲ್ಲವೆಂದರೆ ಕಲಿಸಲು ಬಾರದವನೆಂದು ಆಗುತ್ತದೆ, ಮತ್ತೆ ಆ ನಗೆ ಕೇಳಬೇಕಾಗುತ್ತದೆ, ಅನ್ನುತ್ತಿದ್ದ. ಇನ್ನೂ ಹಿಂದೆ, ಕತ್ತಲಲ್ಲಿ, ಮೂರನೆಯವನೊಬ್ಬ ಇದ್ದನೇ? ಪೇಶಕಾರರ ಕುರ್ಚಿ ಖಾಲಿಯಾದರೆ ಅದು ಯಾರಿಗೆ ಬರುತ್ತದೆಂದು ಎಣಿಸುತ್ತಿದ್ದವನು? ಮಹಾರುದ್ರಪ್ಪ ಎಷ್ಟೋ ಸಲ ಆ ಕ್ಷಣಕ್ಕೆ ಮರಳಿ ಹೋಗಿ ಹುಡುಕಿದ್ದ. ಮೂರನೆಯವನು ಇದ್ದಾನೆಂದು ಖಾತ್ರಿಯಾದರೆ ತಾನು ದುಷ್ಟನೆಂದು ಒಪ್ಪಿಕೊಂಡು ನೆಮ್ಮದಿಯಾಗಿರಬಹುದಿತ್ತು. ಒಮ್ಮೊಮ್ಮೆ ಅವನ ಬೆನ್ನು ಕಾಣುತ್ತಿತ್ತು, ಒಮ್ಮೊಮ್ಮೆ ಖಾಲಿ ಗೋಡೆ. "ಹೌದು ಸಾರ್," ಎಂದಿದ್ದ. ಮೈಸೂರಿನ ಕಡೆಯವರು ಆಡುವ ಹಾಗೆಯೇ, ಸಾರ್.

ಕುರ್ಚಿ ಅವನಿಗೇ ಬಂತು. ಕೂತ ಮೂರನೆಯ ತಿಂಗಳಲ್ಲಿ ಅವನ ಕೈ ಮೇಲೆಯೇ ಸಾಹೇಬರ ಪೆನ್ಶನ್ ಕಾಗದಗಳು ಹಾದವು. ಅಂಚೆಯಲ್ಲಿ ಕಳಿಸಬಹುದಿತ್ತು. ಹೇಳಬೇಕು, ಎಲ್ಲ ಹೇಳಿಬಿಡಬೇಕು ಎಂದುಕೊಂಡು ತಾನೇ ಕಲ್ಯಾಣಕ್ಕೆ ಒಯ್ದ. ಕೋಟೆಯ ಹಿಂದಿನ ಓಣಿಯಲ್ಲಿ ಮನೆ. ಸಾಹೇಬರ ಹೆಂಡತಿ ಕುಲ್ಸುಮ್ ಬೀ ಪರದೆಯ ಆಚೆಯಿಂದಲೇ, "ಲಲಿತಾಬಾಯಿ ಹ್ಯಾಂಗಿದ್ದಾರ, ಮಕ್ಕಳು ಹ್ಯಾಂಗಿದ್ದಾರ," ಎಂದು ವಿಚಾರಿಸಿದರು. ಸಾಹೇಬರು ಚಾಪೆ ಹಾಸಿ ಕೂರಿಸಿದರು. ಅವನು ತುಟಿ ತೆರೆದ: "ಸಾಹೇಬ್ರ, ಆ ದಿವ್ಸ ನಾ ಓದಿದ್ದು..."

"ಗೊತ್ತದ್ರಿ," ಎಂದರು ಅವರು. "ದನಿ ನಿಮ್ದಿರ್ಲಿಲ್ಲ. ಯಾರು ಓದಾಕತ್ತಾರ ಅಂತ ಒಂದು ಸಲ ತಲಿ ಎತ್ತಿ ನೋಡ್ದೆ." ಸಿಟ್ಟಿಲ್ಲದೆ, ಮಿಸಲಿನ ಮೇಲೆ ಷರಾ ಬರೆಯುವ ಹಾಗೆ ಹೇಳಿದರು: "ಅವ್ರ ಮುಂದ ನಿಮಗೂ ಪರೀಕ್ಷೆ ಇತ್ತು. ನೀವು ಪಾಸಾದ್ರಿ."

ಬೈದಿದ್ದರೆ ಕಾಲು ಹಿಡಿಯುತ್ತಿದ್ದ. ಕಾಲು ಹಿಡಿಯಲು ಅವರು ಜಾಗವನ್ನೇ ಬಿಡಲಿಲ್ಲ. ಅವನು ಫಾರಮ್ಮು ಮುಂದಿಟ್ಟು ಸಹಿಯ ಜಾಗ ತೋರಿಸಿದ. ಆಮಿನಾ ಮಸಿಯ ದವತಿ ತಂದಿಟ್ಟಳು. ಅವಳ ಮುಖ ಅರಳಿತ್ತು. "ಅಬ್ಬಾ ದಿನಾ ಒಂದು ಪಾಟಿ ತುಂಬ ಬರೀತಾರ್ರಿ ಈಗ. ನಾನೇ ತಿದ್ತೀನಿ. ನೋಡ್ರಿ ನೀವು." ಸಾಹೇಬರು ಮೊಣಕಾಲು ಮಡಚಿ, ಉಸಿರು ಹಿಡಿದು, ಎಡದಿಂದ ಬಲಕ್ಕೆ, ಒಂದೊಂದೇ ಅಕ್ಷರವಾಗಿ ಕನ್ನಡದಲ್ಲಿ ಬರೆದರು. ಜ. ಲಾ. ಲು. ಒತ್ತಕ್ಷರದ ಹತ್ತಿರ ನಿಂತರು. ಮಗಳು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದಳು. ಬರೆದು ಮುಗಿಸಿ ಅವರು ಫಾರಮ್ಮನ್ನು ಅವನ ಕಡೆ ತಿರುಗಿಸಿ ಹಿಡಿದಾಗ, ಮೊದಲ ಬೆಂಚಿನಲ್ಲಿ ಪಾಟಿ ತೋರಿಸುತ್ತಿದ್ದ ಮನುಷ್ಯನ ಕಣ್ಣುಗಳು ಅಲ್ಲಿದ್ದವು. ಸೇವಾ ಪುಸ್ತಕದಲ್ಲಿ ಇರುವ ಸಹಿಯನ್ನೇ ಇಲ್ಲಿಯೂ ಮಾಡಬೇಕು, ಅದು ಉರ್ದುವಿನಲ್ಲಿದೆ, ಇದು ನಡೆಯುವುದಿಲ್ಲ: ಮೂರು ಮಾತು ಹೇಳಿದರೆ ಮುಗಿಯುತ್ತಿತ್ತು. ಮಹಾರುದ್ರಪ್ಪ, "ಭಾಳ ಚಲೋ ಆಗ್ಯಾದ್ರಿ," ಎಂದು ಕಾಗದ ಮಡಚಿಕೊಂಡ. ಪರದೆಯ ಆಚೆ ಕುಲ್ಸುಮ್ ಬೀ ಸಣ್ಣಗೆ ನಕ್ಕದ್ದು ಕೇಳಿಸಿತು.

ಕಚೇರಿಯಲ್ಲಿ ಎರಡು ದಿನ ಆ ಕಾಗದ ಅವನ ಮೇಜಿನ ಖಾನೆಯಲ್ಲಿತ್ತು. ಹಾಗೆಯೇ ಕಳಿಸಿದರೆ ಷರಾ ಬಿದ್ದು ವಾಪಸು ಬರುತ್ತದೆ. ಮತ್ತೆ ಕಲ್ಯಾಣಕ್ಕೆ ಹೋಗಿ, ನಿಮ್ಮ ಕನ್ನಡ ಈ ಸಲವೂ ನಪಾಸು ಎಂದು ಹೇಳುವುದು ಹೇಗೆ? ಮೂರನೆಯ ದಿನ ಎಲ್ಲರೂ ಊಟಕ್ಕೆ ಹೋದಾಗ ಅವನು ಹೊಸ ಫಾರಮ್ಮು ತೆಗೆದು ತುಂಬಿಸಿದ. ಸಹಿಯ ಜಾಗಕ್ಕೆ ಬಂದಾಗ ಕೈ ತಾನೇ ಹೊರಟಿತು. ಕೈ ಎತ್ತದೆ, ಒಂದೇ ಉಸಿರಿನಲ್ಲಿ, ಬಲದಿಂದ ಎಡಕ್ಕೆ. ಮುಗಿದ ಮೇಲೆ ನೋಡಿದರೆ ಪೇಶಕಾರ ಸಾಹೇಬರೇ ಬಂದು ಹಾಕಿ ಹೋದ ಹಾಗಿತ್ತು. ಕನ್ನಡದ ಸಹಿಯಿದ್ದ ಕಾಗದವನ್ನು ಹರಿದು, ಚೂರುಗಳನ್ನು ಮತ್ತೆ ಹರಿದು ಕಸದ ಬುಟ್ಟಿಗೆ ಹಾಕಿದ. ಒಳ್ಳೆಯದನ್ನೇ ಮಾಡಿದೆ ಎಂದು ಆ ಸಂಜೆಯವರೆಗೂ ನಂಬಿದ್ದ. ಪೆನ್ಶನ್ ಪಡೆಯಲು ಕಿಟಕಿಯ ಮುಂದೆಯೂ ಸಹಿ ಮಾಡಬೇಕು, ಅದನ್ನು ಫಾರಮ್ಮಿನ ಸಹಿಯೊಂದಿಗೆ ತಾಳೆ ನೋಡುತ್ತಾರೆ ಎಂಬುದು ಮನೆಯಲ್ಲಿ ಕಾಲು ತೊಳೆಯುವಾಗ ನೆನಪಾಯಿತು. ತಂಬಿಗೆ ಕೈಯಲ್ಲೇ ಇತ್ತು. ಲಲಿತಾಬಾಯಿ ಎರಡು ಸಲ ಕರೆದದ್ದು ಅವನಿಗೆ ಕೇಳಿಸಲಿಲ್ಲ.

ಬಸ್ಸು ಕೆಟ್ಟು ನಿಲ್ಲಲಿಲ್ಲ. ಹತ್ತು ನಿಮಿಷ ಮೊದಲೇ ಬಂತು. ಜಲಾಲುದ್ದೀನ್ ಸಾಹೇಬರು ಹಿಂದಿನ ಬಾಗಿಲಿನಿಂದ ಇಳಿದರು. ಇಸ್ತ್ರಿ ಮಾಡಿದ ಶೇರ್ವಾನಿ, ಕಿಸೆಗೆ ಸಿಕ್ಕಿಸಿದ ಹೊಸ ಫೌಂಟನ್ ಪೆನ್ನು. "ಆಮಿನಾ ಕೊಡಿಸ್ಯಾಳ್ರಿ, ಟ್ಯೂಶನ್ ಹೇಳ್ದ ರೊಕ್ಕದಾಗ," ಎಂದು ಪೆನ್ನು ಮುಟ್ಟಿ ತೋರಿಸಿದರು. ದಾರಿಯುದ್ದಕ್ಕೂ ಅವರೇ ಮಾತಾಡಿದರು. ತೊಗರಿ ಚೆನ್ನಾಗಿ ಹೂ ಬಿಟ್ಟಿದೆ ಎಂದರು. ತಮ್ಮ ಕನ್ನಡದ ಸಹಿ ಬೆಂಗಳೂರಿನವರೆಗೂ ಹೋಗಿ ಮಂಜೂರಾಗಿ ಬಂದದ್ದನ್ನು ಆಮಿನಾ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ ಎಂದರು. ಧಾನ್ಯದ ಅಡತಿ ಅಂಗಡಿಗಳನ್ನು ದಾಟಿದರು. ಚಹಾದ ಅಂಗಡಿ ದಾಟಿದರು. ಈಗ ಹೇಳಬೇಕು, ಆ ಕಂಬದ ಹತ್ತಿರ ಹೇಳಬೇಕು, ಮೆಟ್ಟಿಲ ಹತ್ತಿರ ಹೇಳಬೇಕು ಎಂದು ಮಹಾರುದ್ರಪ್ಪ ಪ್ರತಿ ಗುರುತನ್ನೂ ಆರಿಸಿಕೊಂಡು ಪ್ರತಿಯೊಂದನ್ನೂ ಹಾದು ಬಂದ.

ಕಿಟಕಿಯ ಒಳಗೆ ಗುಂಡಪ್ಪ ಎಂಬ ಗುಮಾಸ್ತನಿದ್ದ, ಇಬ್ಬರನ್ನೂ ಬಲ್ಲವನು. "ಬರ್ರಿ ಪೇಶಕಾರ ಸಾಹೇಬ್ರ," ಎಂದು ವಹಿಯನ್ನು ಮುಂದೆ ಸರಿಸಿದ. ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದು ಹಿಂದಕ್ಕೆ ಸಿಕ್ಕಿಸಿ ಬರೆದರು. ಈ ಸಲ ಒತ್ತಕ್ಷರದ ಹತ್ತಿರ ನಿಲ್ಲಲಿಲ್ಲ. ಗುಂಡಪ್ಪ ವಹಿ ನೋಡಿದ, ಫಾರಮ್ಮು ತೆಗೆದು ನೋಡಿದ, ಮತ್ತೆ ವಹಿ ನೋಡಿದ.

"ಇದು ಕೂಡಂಗಿಲ್ಲಲ್ರಿ. ಫಾರಮ್ ಮ್ಯಾಲ ಉರ್ದುದಾಗ ಮಾಡೀರಿ."

"ಇಲ್ರಿ. ಕನ್ನಡದಾಗ ಮಾಡೀನಿ. ಇವ್ರ ಮುಂದೇ ಮಾಡೀನಿ."

ಗುಂಡಪ್ಪ ಫಾರಮ್ಮನ್ನು ಸರಳಿನ ಸಂದಿಯಲ್ಲಿ ತಿರುಗಿಸಿ ಹಿಡಿದ. ಸಾಹೇಬರು ಚಾಳೀಸು ಹಾಕಿಕೊಂಡು ಬಾಗಿದರು. ಮಹಾರುದ್ರಪ್ಪ ಅವರ ಮಗ್ಗುಲಲ್ಲೇ ನಿಂತಿದ್ದ. ಅವರ ಕುತ್ತಿಗೆಯ ಹಿಂದಿನ ಬಿಳಿ ಕೂದಲು, ಶೇರ್ವಾನಿಯ ಕಾಲರಿನ ಹೊಲಿಗೆ ಬಿಟ್ಟ ದಾರ, ಎಲ್ಲ ಕಾಣುತ್ತಿತ್ತು. ಅವರ ತೋರುಬೆರಳು ಕಾಗದವನ್ನು ಮುಟ್ಟದೆ ಸಹಿಯ ಮೇಲೆ ನಿಧಾನವಾಗಿ, ಬಲದಿಂದ ಎಡಕ್ಕೆ, ಒಮ್ಮೆ ಸರಿದು ಹೋಯಿತು.

"ಹಿಂದ ಮಂದಿ ಅದಾರ್ರಿ," ಎಂದ ಗುಂಡಪ್ಪ. ದನಿ ಸ್ವಲ್ಪ ಬದಲಾಗಿತ್ತು. "ಈ ಸಹಿ ನಿಮ್ದು ಹೌದೋ ಅಲ್ಲೋ? ಅಲ್ಲಂದ್ರ ನಾ ಮ್ಯಾಲಿನ ಸಾಹೇಬ್ರಿಗೆ ಹೇಳಬೇಕಾಗ್ತದ. ಅದು ಬ್ಯಾರೆ ಕೇಸ್ ಆಗ್ತದ."

ಈಗಲಾದರೂ ಹೇಳಬಹುದಿತ್ತು. ನಾನು ಮಾಡಿದ್ದು ಎಂಬ ಎರಡೇ ಶಬ್ದ. ಯಾವ ಕನ್ನಡದಲ್ಲಾದರೂ ಆದೀತು. ನೌಕರಿ ಹೋಗುತ್ತದೆ, ಕೈಗೆ ಕೋಳವೂ ಬೀಳಬಹುದು, ಲಲಿತಾಬಾಯಿ, ಮಕ್ಕಳು. ಇದೆಲ್ಲ ಅವನು ಯೋಚಿಸಿದನೆಂದರೆ ಸುಳ್ಳಾದೀತು. ಏನನ್ನೂ ಯೋಚಿಸದೆ ಅವನು ಗೋಡೆಯ ಮೇಲಿನ ಸುಣ್ಣದ ಹೊಪ್ಪಳಿಕೆಯನ್ನು ನೋಡುತ್ತ ನಿಂತಿದ್ದ. ಸರದಿಯಲ್ಲಿ ಯಾರೋ ಕೆಮ್ಮಿದರು.

"ನಂದೇ," ಎಂದರು ಜಲಾಲುದ್ದೀನ್ ಸಾಹೇಬರು. "ಮುಪ್ಪಾತು, ಮರ್ತಿದ್ದೆ. ತಪ್ಪು ತಿಳೀಬ್ಯಾಡ್ರಿ." ವಹಿಯಲ್ಲಿ ಬರೆದ ಕನ್ನಡದ ಹೆಸರಿನ ಮೇಲೆ ಒಂದು ಗೆರೆ ಎಳೆದರು. ಸಾಲದೆಂಬಂತೆ ಇನ್ನೊಂದು ಎಳೆದರು. ಕೆಳಗೆ ಉರ್ದುವಿನಲ್ಲಿ, ಒಂದೇ ಉಸಿರಿನಲ್ಲಿ ಸಹಿ ಹಾಕಿದರು. ಗುಂಡಪ್ಪ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡಿ, "ಈಗ ಕೂಡ್ತು ನೋಡ್ರಿ," ಎಂದು ನಿರಾಳವಾಗಿ ನಕ್ಕ.

ತಿರುಗಿ ಬರುವಾಗ ಸಾಹೇಬರು ಮೊದಲಿಗಿಂತ ಜೋರಾಗಿ ನಡೆಯುತ್ತಿದ್ದರು. ಮಹಾರುದ್ರಪ್ಪ ಅರ್ಧ ಹೆಜ್ಜೆ ಹಿಂದೆಯೇ ಉಳಿದ. ಅಡತಿಯ ಮುಂದೆ ಹಮಾಲರು ಚೀಲ ಇಳಿಸುತ್ತಿದ್ದುದರಿಂದ ಇಬ್ಬರೂ ನಿಲ್ಲಬೇಕಾಯಿತು. ಅಲ್ಲಿ ಅವನು ಹೇಗೋ ಬಾಯಿ ಬಿಟ್ಟ. "ಸಾಹೇಬ್ರ, ನಾ ನಿಮಗ ಬ್ಯಾಸರ ಆಗಬಾರ್ದಂತ..."

ಸಾಹೇಬರು ಬೆರಳಿಗೆ ಹತ್ತಿದ ಶಾಯಿಯನ್ನು ಕರವಸ್ತ್ರದಿಂದ ಒರೆಸುತ್ತಿದ್ದರು. "ಜೀಮಿನ ಹೊಟ್ಟಿ ದೊಡ್ಡದಾಗ್ಯಾದ್ರಿ," ಎಂದರು, ಉರ್ದು ಸಹಿಯಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರದ ಬಗ್ಗೆ, ಅವನ ಕಡೆ ನೋಡದೆ. "ನಾ ಅಷ್ಟು ದೊಡ್ಡದು ಮಾಡಂಗಿಲ್ಲ. ಉಳಿದದ್ದು ಚಲೋ ಅದ." ಅವರು ಮುಂಗೈ ಹಿಡಿದು ಕಲಿಸಿದ್ದ ದಿನಗಳಲ್ಲಿ ಆ ತಪ್ಪಿಗೆ ಬೆರಳ ಗೆಣ್ಣಿಗೆ ಲೆಕ್ಕಣಿಕೆಯಿಂದ ಒಂದು ಏಟು ಬೀಳುತ್ತಿತ್ತು. ಅವನ ಕೈ ಏಟಿಗಾಗಿ ಕಾದ ಹಾಗೆ ಸುಮ್ಮನೆ ಮುಂದೆ ಚಾಚಿಕೊಂಡಿತ್ತು. ಸಾಹೇಬರು ಕರವಸ್ತ್ರ ಮಡಚಿ ಕಿಸೆಗೆ ಹಾಕಿಕೊಂಡು ಚೀಲಗಳ ನಡುವೆ ದಾರಿ ಮಾಡಿಕೊಂಡು ಹೊರಟರು.

ಬಸ್ಸು ಹೊರಡಲು ಸಿದ್ಧವಾಗಿ ನಿಂತಿತ್ತು. ಹತ್ತಿ ಕೂತ ಮೇಲೆ ಅವರು ಕಿಟಕಿಯಿಂದ ಹೊರಗೆ ಬಾಗಿದರು. "ಆಮಿನಾಗ ಗೊತ್ತಾಗೋದು ಬ್ಯಾಡ. ಆಕಿ ಮಾಸ್ತರ್ಕಿ ಟ್ರೇನಿಂಗಿಗೆ ಅರ್ಜಿ ಹಾಕ್ಯಾಳ. ನೀವು ಕಾಗದ ಬರಿಬ್ಯಾಡ್ರಿ." ಮಹಾರುದ್ರಪ್ಪ ಆಗಲಿ ಎಂಬಂತೆ ತಲೆಯಾಡಿಸಿದ. ಇನ್ನೊಂದು ಮಾತು, ಬೈಗುಳವಾದರೂ ಸರಿ, ಏಕವಚನದಲ್ಲಿ ಒಂದು ಮಾತು ಬಂದೀತೆಂದು ಕಿಟಕಿಯ ಸರಳು ಹಿಡಿದು ನಿಂತ. ಕಂಡಕ್ಟರ್ ಗಂಟೆ ಹೊಡೆದ.

"ಬರೋ ತಿಂಗಳದಿಂದ ನೀವು ಬರೋದೂ ಬ್ಯಾಡ್ರಿ ಮಾಸ್ತರ್ರೇ," ಎಂದರು ಜಲಾಲುದ್ದೀನ್ ಸಾಹೇಬರು, ಅವನ ಬೆರಳುಗಳನ್ನು ಸರಳಿನಿಂದ ಒಂದೊಂದಾಗಿ ಮೆಲ್ಲಗೆ ಬಿಡಿಸುತ್ತ. "ನನ್ನ ಸಹಿ ನನಗ ಬರ್ತದ."